ಇಪ್ಪತ್ತಮೂರು ಸೊನ್ನೆಗಳು

ಸಂತೆಕಟ್ಟೆ
1 ಫೆಬ್ರುವರಿ 2025, ಶನಿವಾರ

ಪ್ರೀತಿಯ ಕ್ಯಾರೆನ್,

ನಿನ್ನ ಪತ್ರ ಬಂದು ಎರಡು ತಿಂಗಳು ಕಳೆಯಿತು. ಕ್ರಿಸ್‌ಮಸ್ ದಿನ ಫೋನಿನಲ್ಲಿ ‘ಅರ್ಧ ಬರೆದಾಗಿದೆ’ ಎಂದೆನಲ್ಲ, ಅದು ಸುಳ್ಳು. ಒಂದು ಸಾಲೂ ಬರೆದಿರಲಿಲ್ಲ. ಅಸೈನ್‌ಮೆಂಟ್ ತಡವಾಗಿ ತಂದ ಮಕ್ಕಳನ್ನು ಮೂವತ್ತೊಂದು ವರ್ಷ ಬಾಗಿಲ ಹೊರಗೆ ನಿಲ್ಲಿಸಿದ ಮೇಷ್ಟ್ರು ನಾನು. ಈಗ ಮಗಳ ಮುಂದೆ ನಿಲ್ಲುವ ಸರದಿ. ಬೈಯುವುದಿದ್ದರೆ ಬೈದುಬಿಡು.

ದೇವರು ಇಟ್ಟ ಹಾಗೆ ನಾವೆಲ್ಲ ಇದ್ದೇವೆ. ನಿನ್ನ ತಮ್ಮ ಜೋಯ್‌ಸ್ಟನ್‌ನ ಮಗು ಗೋಡೆ ಹಿಡಿದು ನಿಲ್ಲುತ್ತದೆ, ನಿಂತ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಬೇಕು, ಇಲ್ಲದಿದ್ದರೆ ರಂಪ. ಅತ್ತೆಯ ಹೆಸರನ್ನು ಹೇಳಿಕೊಡುತ್ತಾ ಇದ್ದೇವೆ, ಸದ್ಯಕ್ಕೆ ‘ಕಾ’ ಎನ್ನುವಷ್ಟು ಬಂದಿದೆ. ಮಮ್ಮಿಗೆ ಈ ಸಲ ಕ್ರಿಸ್‌ಮಸ್ ಕುಸ್ವಾರಿನ ತಿಂಡಿಗಳ ಆರ್ಡರ್ ಎಷ್ಟು ಬಂತೆಂದರೆ ಸೊಸೆ ಲವಿಟಾ ಆಸ್ಪತ್ರೆಯ ಕೆಲಸಕ್ಕೆ ನಾಲ್ಕು ದಿನ ರಜೆ ಹಾಕಿ ಕಲ್‌ಕಲ್ ಸುತ್ತಬೇಕಾಯಿತು. ಮೊಣಕಾಲು ನೋವು ಎಂದು ಚರ್ಚಿನ ಮೆಟ್ಟಿಲು ಹತ್ತಲಾಗದ ನಿನ್ನ ಮಮ್ಮಿ ಒಲೆಯ ಮುಂದೆ ಆರು ಗಂಟೆ ನಿಲ್ಲುತ್ತಾಳೆ. ನಾನು ಕೇಳಿದರೆ, “ನಿಮ್ಮ ಅರ್ಥಶಾಸ್ತ್ರದಲ್ಲಿ ಅದಕ್ಕೆ ಎಂತ ಹೆಸರು ಉಂಟೋ ಹುಡುಕಿ” ಎನ್ನುತ್ತಾಳೆ.

ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಕೈ ತಾನಾಗಿ ವರದಿ ಬರೆಯತೊಡಗುತ್ತದೆ. ಕೊಂಕಣಿಯಲ್ಲಿ ಬರೆದರೆ ಎರಡನೇ ಪುಟಕ್ಕೇ ಕಣ್ಣು ತುಂಬುತ್ತದೆ. ಕನ್ನಡದಲ್ಲಿಯಾದರೆ ಸ್ವಲ್ಪ ಶಿಸ್ತಿನಲ್ಲಿ ಇರಬಹುದು ಎಂದು ಆಸೆ.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ನೈರೋಬಿಯಲ್ಲಿ ನೀನೂ ನಿನ್ನ ಸಂಗಡಿಗರೂ ಸೇರಿ ಹೊಸ ಅರ್ಥಶಾಸ್ತ್ರದ ಪಠ್ಯ ಮಾಡುತ್ತಿದ್ದೀರಿ, ಒಮ್ಮೆ ಪರರ ಆಳ್ವಿಕೆಯಲ್ಲಿದ್ದ ದೇಶಗಳು ಅದೇ ಯಜಮಾನರ ಅಳತೆಗೋಲಿನಿಂದ ತಮ್ಮನ್ನು ಅಳೆದುಕೊಳ್ಳುವುದನ್ನು ನಿಲ್ಲಿಸಬೇಕು ಎಂಬುದು ಅದರ ತಿರುಳು. ಅದಕ್ಕೆ ನಾನೊಂದು ಅಧ್ಯಾಯ ಬರೆಯಬೇಕು, ಹೊರದೇಶದಿಂದ ಸಾಲ ತಂದ ಪುಸ್ತಕವನ್ನು ಸಣ್ಣ ಊರಿನ ಕಾಲೇಜಿನಲ್ಲಿ ಪಾಠ ಮಾಡಿದ ಒಬ್ಬ ಸಾಮಾನ್ಯ ಮೇಷ್ಟ್ರ ಅನುಭವ ಬೇಕು. ಕಾಪುವಿನ ರಂಪಣಿ ಬಲೆಯ ಸಮೀಕ್ಷೆಯ ಬಗ್ಗೆಯೇ ಬರೆಯಿರಿ ಪಪ್ಪಾ, ನಿಮ್ಮಂಥ ಸಾಕ್ಷಿ ಇನ್ನೊಬ್ಬರಿಲ್ಲ ಎಂದಿದ್ದೀ. ಓದಿ ಹೆಮ್ಮೆಯಾಯಿತು. ಆ ಹೆಮ್ಮೆ ಊಟದ ಹೊತ್ತಿನವರೆಗೆ ಇತ್ತು.

ಆ ಅಧ್ಯಾಯ ನನ್ನಿಂದಾಗುವುದಿಲ್ಲ. ಯಾಕೆಂದು ಹೇಳದೆ ಹೋದರೆ ನೀನು ಬಿಡುವವಳಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ.

2012ರ ನವೆಂಬರ್. ನೀನು ಡಿಗ್ರಿ ಮುಗಿಸಿ ಹಾಲೆಂಡಿನ ಸೀಟಿಗೆ ಅರ್ಜಿ ತುಂಬುತ್ತಾ ಮನೆಯಲ್ಲಿದ್ದೆ. ನನ್ನ ಕಾಲೇಜಿನ ಕಾಲದ ಗೆಳೆಯ, ನಿನ್ನ ಮ್ಯಾಕ್ಸಿಮ್ ಅಂಕಲ್, ಬೆಂಗಳೂರಿನ ಒಂದು ಸಲಹಾ ಸಂಸ್ಥೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. ಕಾಪು ದೀಪಸ್ತಂಭದಿಂದ ದಕ್ಷಿಣಕ್ಕೆ ಕಡಲತೀರ ಅಭಿವೃದ್ಧಿಯಾಗಲಿದೆ, ಕಲ್ಲಿನ ತಡೆದಂಡೆ, ವಿಹಾರದ ದಾರಿ, ಹೋಟೆಲು ಎಲ್ಲ ಬರಲಿವೆ, ಅಲ್ಲಿ ದಡದಿಂದ ಬಲೆ ಎಳೆದು ಬದುಕುವ ಜನರ ಸಮೀಕ್ಷೆ ಬೇಕು, ನೀನೇ ಮಾಡಿಕೊಡು ಎಂದ. ಅರ್ಥಶಾಸ್ತ್ರದ ಮೇಷ್ಟ್ರಿಗೆ ತರಗತಿಯಿಂದ ಹೊರಗೆ ಒಂದು ನಿಜವಾದ ಕೆಲಸ. ನಾನು ಹೊಸ ಚಪ್ಪಲಿ ಕೊಂಡುಕೊಂಡು ಹೋದೆ.

ಒಂದು ದಿನ ನೀನೂ ಬಂದಿದ್ದೆ, ನೆನಪುಂಟಲ್ಲ. ದೋಣಿ ಅರ್ಧಚಂದ್ರಾಕಾರಕ್ಕೆ ಬಲೆ ಬಿಟ್ಟು ಬರುತ್ತದೆ, ಎರಡು ತುದಿಯ ಹಗ್ಗಗಳು ದಡಕ್ಕೆ ಬರುತ್ತವೆ, ಎರಡು ಸಾಲಿನಲ್ಲಿ ಜನ ನಿಂತು ಎಳೆಯುತ್ತಾರೆ. ಹಿಂದೆ ಹಿಂದೆ ಹೆಜ್ಜೆ ಇಟ್ಟು ಮರಳಿನ ಮೇಲೆ ಬಂದವರು ಹಗ್ಗ ಬಿಟ್ಟು ಮತ್ತೆ ನೀರಿನಂಚಿಗೆ ಹೋಗಿ ಹಿಡಿಯುತ್ತಾರೆ. ಅಲ್ಲಿ ಐವತ್ತೆಂಟು ಜನ ಇದ್ದರು. ಗಟ್ಟಿ ಗಂಡಸರು, ಗಂಡ ಸತ್ತ ಹೆಂಗಸರು, ಎಪ್ಪತ್ತು ದಾಟಿದ ಅಜ್ಜಂದಿರು, ಒಂದು ಕೈ ಊನವಾದ ಒಬ್ಬ. ಹಗ್ಗ ಮುಟ್ಟಿದ ಪ್ರತಿಯೊಬ್ಬರಿಗೂ ಮೀನಿನಲ್ಲಿ ಪಾಲುಂಟು, ಅದು ಅಲ್ಲಿಯ ಕಟ್ಟಳೆ. ನೀನು ತಮಾಷೆಗೆ ಐದು ನಿಮಿಷ ಹಗ್ಗ ಹಿಡಿದದ್ದಕ್ಕೆ ಆ ಸಾಲಿನಲ್ಲಿದ್ದ ಸರಸಕ್ಕ ನಿನಗೂ ಎಂಟು ಬಂಗುಡೆ ಎಣಿಸಿ ಕೊಟ್ಟಿದ್ದಳು. ಬೇಡ ಎಂದರೆ ಬಿಡಲಿಲ್ಲ. “ಮುಟ್ಟಿದ ಮೇಲೆ ಬೇಡ ಅಂತ ಹೇಳ್ಲಿಕ್ಕೆ ಇಲ್ಲ ಮಗಾ” ಎಂದಳು.

ನನಗೆ ಅದರಲ್ಲಿ ಕಂಡದ್ದು ನನ್ನ ಪಠ್ಯಪುಸ್ತಕದ ನಾಲ್ಕನೇ ಅಧ್ಯಾಯ. ಮರೆಮಾಚಿದ ನಿರುದ್ಯೋಗ. ಹಿಂದುಳಿದ ದೇಶಗಳಲ್ಲಿ ನಾಲ್ಕು ಜನ ಮಾಡುವ ಕೆಲಸಕ್ಕೆ ಏಳು ಜನ ಅಂಟಿಕೊಂಡಿರುತ್ತಾರೆ, ಮೂವರನ್ನು ತೆಗೆದರೂ ಉತ್ಪಾದನೆ ಕಡಿಮೆಯಾಗುವುದಿಲ್ಲ, ಆ ಮೂವರ ಸೀಮಾಂತ ಉತ್ಪನ್ನ ಸೊನ್ನೆ. ಅವರನ್ನು ಅಲ್ಲಿಂದ ಬಿಡಿಸಿ ಕಾರ್ಖಾನೆಗೆ ಕಳಿಸಿದರೆ ದೇಶ ಮುಂದೆ ಬರುತ್ತದೆ. ಇದನ್ನು ನಾನು ಎಷ್ಟು ಸಾವಿರ ಮಕ್ಕಳಿಗೆ ಹೇಳಿಕೊಟ್ಟಿದ್ದೇನೋ. ಉದಾಹರಣೆಗೆ ಪುಸ್ತಕದಲ್ಲಿದ್ದ ಯಾವುದೋ ದೂರದ ಹೊಲವನ್ನೇ ಹೇಳುತ್ತಿದ್ದೆ. ಕಾಲೇಜಿನ ಕಿಟಕಿಯಿಂದ ಕಡಲು ಕಾಣುತ್ತಿತ್ತು, ಒಮ್ಮೆಯೂ ಆ ಕಡೆ ಕೈ ತೋರಿಸಲಿಲ್ಲ.

ಮೂರನೇ ದಿನ ನಾನು ಒಂದು ಪರೀಕ್ಷೆ ಮಾಡಿದೆ. ಬಲೆಯ ಮುಂದಾಳು ತಂಡೇಲ ಗಣಪಣ್ಣನಿಗೆ ಹೇಳಿ, ಮುದುಕರು, ವಿಧವೆಯರು, ನಿಶ್ಶಕ್ತರು ಎಲ್ಲ ಸೇರಿ ಇಪ್ಪತ್ತಮೂರು ಜನರನ್ನು ಮರಳಿನಲ್ಲಿ ಕೂರಿಸಿ, ಉಳಿದ ಮೂವತ್ತೈದು ಜನರಿಂದ ಬಲೆ ಎಳೆಸಿದೆ. ಕೈಯಲ್ಲಿ ಗಡಿಯಾರ ಹಿಡಿದಿದ್ದೆ. ಬಲೆ ಬಂತು. ಏಳು ನಿಮಿಷ ಹೆಚ್ಚು ಹಿಡಿಯಿತು, ಮೀನು ಹಿಂದಿನ ದಿನಕ್ಕಿಂತ ಸ್ವಲ್ಪ ಹೆಚ್ಚೇ ಬಂತು. ಪುಸ್ತಕದ ಚಿತ್ರ ಕಣ್ಣ ಮುಂದೆ ನಿಜವಾದದ್ದು ನೋಡಿ ನನಗೆ ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಕೂತವರಿಗೂ ಅವತ್ತು ಪಾಲು ಹಂಚಿದರು. ನಾನು ಅದನ್ನು ‘ದಾನ ಸ್ವರೂಪದ ವರ್ಗಾವಣೆ’ ಎಂದು ಬರೆದುಕೊಂಡೆ.

ಮರುದಿನ ಪುನಃ ಹಾಗೆಯೇ ಮಾಡಿ ಎಂದರೆ ಗಣಪಣ್ಣ ಒಪ್ಪಲಿಲ್ಲ.

“ಮಾಸ್ಟ್ರೇ, ನಿಮ್ಮ ಲೆಕ್ಕ ಸರಿ ಇರ್ಬಹುದು. ನಾನು ಇಲ್ಲ ಅಂತ ಹೇಳುದಿಲ್ಲ. ಆದ್ರೆ ಅವ್ರನ್ನು ಕೂರಿಸಿ ಎಳೀಲಿಕ್ಕೆ ಇವ್ರ ಕೈ ಬರುದಿಲ್ಲ. ನಿನ್ನೆ ನೀವು ಕಲಿತವರು ಹೇಳಿದ್ರಿ ಅಂತ ಎಳೆದದ್ದು.”

ವರದಿಯಲ್ಲಿ ಹೀಗೆ ಬರೆದೆ: ಈ ಬಲೆಗೆ ಅಗತ್ಯವಾದ ಶ್ರಮಿಕರು ಮೂವತ್ತೈದು. ಉಳಿದ ಇಪ್ಪತ್ತಮೂರು ಮಂದಿ ಹೆಚ್ಚುವರಿ, ತರಬೇತಿ ಕೊಟ್ಟು ಉತ್ಪಾದಕ ಕ್ಷೇತ್ರಕ್ಕೆ ಕಳಿಸಬಹುದಾದವರು. ಕೊನೆಗೆ ಅನುಬಂಧದಲ್ಲಿ ಹೆಸರುಗಳು. ಹದಿನಾಲ್ಕನೆಯ ಹೆಸರು ಸರಸ, ವಯಸ್ಸು ಐವತ್ತಮೂರು.

ಹತ್ತು ವರ್ಷ ಏನೂ ಆಗಲಿಲ್ಲ. ಎಲ್ಲ ವರದಿಗಳ ಹಾಗೆ ಇದೂ ಯಾವುದೋ ಕಪಾಟಿನಲ್ಲಿ ಮಲಗಿತೆಂದು ನಾನೂ ಮರೆತೆ. 2023ರಲ್ಲಿ ಲಾರಿಗಳು ಕಲ್ಲು ತಂದು ಸುರಿಯಲು ಶುರು ಮಾಡಿದಾಗ ಕಪಾಟು ತೆರೆಯಿತು. ಮೀನುಗಾರಿಕೆಯಿಂದ ಬದುಕುವವರ ಪಟ್ಟಿ ಬೇಕಾಯಿತು, ನನ್ನ ವರದಿಯೇ ಆಧಾರವಾಯಿತು. ಮೂವತ್ತೈದು ಹೆಸರು ಪಟ್ಟಿಯ ಒಳಗೆ. ಅವರಿಗೆ ತಡೆದಂಡೆಯ ಆಚೆ ಬಲೆ ಬಿಡುವ ಹೊಸ ಜಾಗ, ಕಾರ್ಡು, ಸೌಲಭ್ಯ. ಇಪ್ಪತ್ತಮೂರು ಹೆಸರು ಹೊರಗೆ. ಅವರಲ್ಲಿ ಬದುಕಿದ್ದವರು ಹದಿನಾರು, ಅವರಿಗೆ ಕೌಶಲ್ಯ ತರಬೇತಿ.

ಸರಸಕ್ಕನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಹೌಸ್‌ಕೀಪಿಂಗ್ ಕಲಿಸಿದರು. ಅರವತ್ತನಾಲ್ಕು ವರ್ಷದ ಹೆಂಗಸಿಗೆ ನೀಲಿ ಸಮವಸ್ತ್ರ ತೊಡಿಸಿ, ಹಾಸಿಗೆಯ ಬಟ್ಟೆಯನ್ನು ಮೂಲೆ ಮಡಚಿ ಹಾಸುವುದು ಹೇಗೆಂದು ಇಪ್ಪತ್ತೊಂದು ದಿನ ಹೇಳಿಕೊಟ್ಟು ಸರ್ಟಿಫಿಕೇಟು ಕೊಟ್ಟರು. ಕೆಲಸ ಕೊಡುವಾಗ ವಯಸ್ಸು ಹೆಚ್ಚಾಯಿತು ಎಂದರು. ಈಗ ಆಕೆ ಅಕ್ಕನ ಮಗನ ಮನೆಯಲ್ಲಿದ್ದಾಳೆ. ಮುಂಚೆ ಅವಳ ಪಾಲಿನ ಮೀನು ಆ ಮನೆಯ ಅಡುಗೆಗೆ ಹೋಗುತ್ತಿತ್ತು. ಈಗ ಅವಳು ಕೈ ಬೀಸಿಕೊಂಡು ಬಂದು ಅವರ ಮನೆಯ ಗಂಜಿಗೆ ಕೂರುತ್ತಾಳೆ. ಯಾರೂ ಏನೂ ಅನ್ನುವುದಿಲ್ಲ, ಆದರೆ ಅವಳು ತಟ್ಟೆಗೆ ಎರಡನೇ ಸಲ ಬಡಿಸಿಕೊಳ್ಳುವುದನ್ನು ಬಿಟ್ಟಿದ್ದಾಳೆ. ಇದನ್ನು ನನಗೆ ಹೇಳಿದವಳು ಆ ಮನೆಯ ಸೊಸೆ, ಹೇಳುವಾಗ ಅತ್ತಳು.

ಹೋದ ವರ್ಷ ಕಾಪುವಿಗೆ ಹೋದಾಗ ಸರಸಕ್ಕ ಸಿಕ್ಕಿದಳು. ಕಲ್ಲಿನ ರಾಶಿಯ ಮೇಲೆ ಕೂತಿದ್ದಳು. ನನ್ನನ್ನು ಗುರುತು ಹಿಡಿದು, ಜಾಗ ಮಾಡಿಕೊಟ್ಟು, ನಿನ್ನ ಬಗ್ಗೆ ವಿಚಾರಿಸಿದಳು. ಆಮೇಲೆ ಮೆಲ್ಲನೆ ಕೇಳಿದಳು.

“ನಾನು ಮೀನಿನ ಕೆಲಸದವಳು ಅಲ್ಲ ಅಂತ ಬರೆದದ್ದು ನೀವಾ ಮಾಸ್ಟ್ರೇ?”

“ಹಾಗಲ್ಲ ಸರಸಕ್ಕ, ಅದು ಬೇರೆ ಅರ್ಥದಲ್ಲಿ...”

“ಇಲ್ಲ, ಬೇಜಾರಿಗೆ ಕೇಳಿದ್ದಲ್ಲ. ಕಚೇರಿಯಲ್ಲಿ ಹೇಳಿದ್ರು, ನಂಗೆ ನಂಬ್ಲಿಕ್ಕೆ ಆಗ್ಲಿಲ್ಲ. ನೀವು ಅಲ್ಲಿಯೇ ನಿಂತು ನೋಡಿದವರಲ್ವಾ.”

ಅವಳು ಗದರಿದ್ದರೆ ಚೆನ್ನಾಗಿತ್ತು ಕ್ಯಾರೆನ್.

ಇನ್ನು ಪಟ್ಟಿಯ ಒಳಗಿದ್ದ ಮೂವತ್ತೈದು ಜನರ ಕಥೆ. ಹೊಸ ಜಾಗದಲ್ಲಿ ಹನ್ನೊಂದು ಸಲ ಬಲೆ ಬಿಟ್ಟರು. ಹನ್ನೊಂದು ಸಲವೂ ಹಿಡಿಯಷ್ಟು ಕಸಮೀನು. ಯಾಕೆಂದು ಅದೇ ದಿನ ಕೇಳಿದಾಗ ಗಣಪಣ್ಣ ಹೇಳಿದ: ಮೀನಿನ ಗುಂಪು ದಡದ ಹತ್ತಿರ ಬಂದದ್ದನ್ನು ಹೇಳುವವರು ಯಾವಾಗಲೂ ಆ ಮುದುಕರು. ಬೆಳಗ್ಗೆ ಬೇಗ ಬಂದು ಕೂತು ನೀರಿನ ಬಣ್ಣ ನೋಡುತ್ತಿದ್ದರು, ಹಕ್ಕಿ ಎಲ್ಲಿ ಎರಗುತ್ತದೆ ನೋಡುತ್ತಿದ್ದರು, ‘ಈಗ ಬಿಡಿ’ ಎನ್ನುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮೇಲೆ ಅವರು ಬರುವುದನ್ನು ಬಿಟ್ಟರು. ಗಟ್ಟಿ ಕೈಗಳು ಉಳಿದವು, ಕಣ್ಣು ಹೋಯಿತು. ಆವತ್ತು ನನಗೆ ನನ್ನ ತಪ್ಪು ಅರ್ಥವಾಯಿತು. ನಾನು ಹಗ್ಗ ಎಳೆಯುವುದನ್ನು ಮಾತ್ರ ಕೆಲಸ ಎಂದು ಎಣಿಸಿದ್ದೆ. ಈಗ ಆ ಬಲೆ ಗಣಪಣ್ಣನ ಅಂಗಳದಲ್ಲಿ ತೊಂಡೆ ಚಪ್ಪರಕ್ಕೆ ಹೊದಿಕೆಯಾಗಿದೆ. ಮೂವತ್ತೈದು ಜನರಲ್ಲಿ ಕೆಲವರು ಮಲ್ಪೆಯ ಬೋಟುಗಳಿಗೆ ಹೋದರು, ಕೆಲವರು ಅದೇ ವಿಹಾರದ ದಾರಿಯ ಕಾವಲಿಗೆ ಸೇರಿದರು.

ಪಟ್ಟಿಗೆ ತಕರಾರು ಸಲ್ಲಿಸಲು ಜನವರಿ ಮೂವತ್ತೊಂದರ ತನಕ ಅವಕಾಶ ಕೊಟ್ಟಿದ್ದರು. ಜನವರಿ ಎರಡನೇ ವಾರ ನಾನು ಮಣಿಪಾಲದ ಕಚೇರಿಗೆ ಹೋದೆ. ಆ ಪಟ್ಟಿಯ ಜವಾಬ್ದಾರಿ ಇದ್ದವಳು ಸೌಮ್ಯಶ್ರೀ, ಕಾರ್ಕಳದ ಹುಡುಗಿ, ನನ್ನ ಕೊನೆಯ ಬ್ಯಾಚಿನವಳು. ನನ್ನನ್ನು ಕಂಡು ಎದ್ದು ನಿಂತಳು, ಚಹಾ ತರಿಸಿದಳು, ಅನುಬಂಧವನ್ನು ಮೇಜಿನ ಮೇಲೆ ಹರಡಿ ಪೂರ್ತಿ ಕೇಳಿಸಿಕೊಂಡಳು. ನಾನು ಪುಸ್ತಕದ ಸಿದ್ಧಾಂತವೇ ತಪ್ಪು, ಅದು ನಮ್ಮ ಬದುಕನ್ನು ನೋಡಿ ಹುಟ್ಟಿದ್ದಲ್ಲ ಎಂದು ಇಪ್ಪತ್ತು ನಿಮಿಷ ಪಾಠ ಮಾಡಿದೆ. ನಿನ್ನ ಪತ್ರದ ಎರಡು ಮೂರು ವಾಕ್ಯಗಳನ್ನೂ ಬಳಸಿಕೊಂಡೆ.

“ಸರ್, ನೀವು ಹೇಳುದು ನಂಗೆ ಅರ್ಥ ಆಗ್ತದೆ” ಎಂದಳು. “ಆದ್ರೆ ಇದೇ ಪಾಠ ನೀವೇ ನಮ್ಗೆ ಮಾಡಿದ್ರಿ. ಅದ್ರಲ್ಲೇ ನಾನು ಪರೀಕ್ಷೆ ಪಾಸಾಗಿ ಈ ಕುರ್ಚಿಗೆ ಬಂದದ್ದು. ಈಗ ಅಭಿಪ್ರಾಯ ಬದಲಾಯ್ತು ಅಂತ ಪಟ್ಟಿ ಬದಲಾಯಿಸ್ಲಿಕ್ಕೆ ಬರುದಿಲ್ಲ.”

“ಬೇರೆ ದಾರಿಯೇ ಇಲ್ವಾ?”

ಅವಳು ಅನುಬಂಧದ ಹಾಳೆಗಳನ್ನು ಒಟ್ಟು ಮಾಡಿದಳು. “ಒಂದು ಉಂಟು. ಸಮೀಕ್ಷೆ ಮಾಡುವಾಗಲೇ ಗೊತ್ತಿದ್ದ ಸಂಗತಿಯನ್ನು ಬೇಕೂಂತ ಬಿಟ್ಟಿದ್ದೇನೆ ಅಂತ ನೀವೇ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ರೆ ಇಡೀ ವರದಿಯನ್ನು ಬದಿಗಿಟ್ಟು ಹೊಸ ಸಮೀಕ್ಷೆಗೆ ಬರೀಬಹುದು. ಆಗ ಯಾಕೆ ಬಿಟ್ರಿ ಅಂತ ವಿಚಾರಣೆ ಆಗ್ತದೆ. ಅಂಥದ್ದೆಲ್ಲ ಏನಿಲ್ಲ ಅಲ್ವಾ ಸರ್?”

“ಇಲ್ಲ” ಎಂದೆ. “ಅದು ಪ್ರಾಮಾಣಿಕ ತಪ್ಪು.”

“ನಂಗೆ ಗೊತ್ತುಂಟು ಸರ್” ಎಂದು ಫೈಲು ಮುಚ್ಚಿದಳು. ಗೇಟಿನ ತನಕ ಬಂದು ಬಸ್ಸು ಹತ್ತಿಸಿದಳು.

ನೀನು ಬೇಜಾರು ಮಾಡಿಕೊಳ್ಳಬೇಡ, ಆದರೆ ನಿನ್ನ ಹೊಸ ಪುಸ್ತಕದ ಮೇಲೆ ನನಗೆ ನಂಬಿಕೆ ಬರುತ್ತಿಲ್ಲ. ಅದು ಚೆನ್ನಾಗಿಯೇ ಬರುತ್ತದೆ, ನಿನ್ನ ಬುದ್ಧಿಯ ಮೇಲೆ ನನಗೆ ಅನುಮಾನವಿಲ್ಲ. ನಾಳೆ ಅದನ್ನೂ ಯಾವನೋ ಒಬ್ಬ ಮೇಷ್ಟ್ರು ಪಾಠ ಮಾಡುತ್ತಾನೆ. ಅದರಲ್ಲೂ ನಾಲ್ಕನೇ ಅಧ್ಯಾಯ ಇರುತ್ತದೆ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಇರುತ್ತದೆ. ಅವನೂ ಯಾವುದೋ ದಡಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಹೋಗಿ ಅಲ್ಲಿಯ ಜನರಲ್ಲಿ ಪುಸ್ತಕವನ್ನು ಹುಡುಕುತ್ತಾನೆ. ಅಳತೆಗೋಲು ನಮ್ಮದೇ ಆದರೂ ಹಿಡಿದವನ ಕೈ ನನ್ನಂಥದ್ದೇ ಆದರೆ ಏನು ಮಾಡುವುದು ಹೇಳು. ಈಗ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಒಂಬತ್ತು ಮಕ್ಕಳು ಸೇರಿದ್ದಾರಂತೆ. ಕೇಳಿ ಸಮಾಧಾನವಾಯಿತು ಎಂದರೆ ನೀನು ನನ್ನನ್ನು ಕ್ಷಮಿಸುತ್ತೀಯೋ ಇಲ್ಲವೋ.

ಮಮ್ಮಿ ಅಡುಗೆಮನೆಯಿಂದ, “ಸುಖದುಃಖ ಬರೀರಿ, ಪಾಠ ಮಾಡ್ಬೇಡಿ ಅವಳಿಗೆ” ಎಂದು ಕೂಗುತ್ತಿದ್ದಾಳೆ. ಸರಿ, ನಿಲ್ಲಿಸುತ್ತೇನೆ. ಹೊತ್ತಿಗೆ ಸರಿಯಾಗಿ ಉಣ್ಣು. ಆ ಊರಿನ ಚಳಿಗೆ ಸ್ವೆಟರ್ ಹಾಕದೆ ತಿರುಗಬೇಡ. ನಿನ್ನ ಮಕ್ಕಳು, ಅಂದರೆ ನಿನ್ನ ವಿದ್ಯಾರ್ಥಿಗಳು, ನಿನ್ನನ್ನು ಪ್ರಶ್ನೆ ಕೇಳಿ ಸುಸ್ತು ಮಾಡಲಿ. ದೇವಮಾತೆ ನಿನ್ನ ಕೈ ಬಿಡದಿರಲಿ ಎಂದು ದಿನಾ ರಾತ್ರಿ ತೇರ್ಸದ ಜಪಮಾಲೆಯಲ್ಲಿ ನಿನ್ನ ಹೆಸರು ಹೇಳುತ್ತೇವೆ.

ಮುತ್ತುಗಳೊಂದಿಗೆ,
ನಿನ್ನ ಪಪ್ಪಾ
ವಿಲ್ಫ್ರೆಡ್

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇದನ್ನೂ ಬರೆಯಲೇಬೇಕು. ಮಮ್ಮಿಗೆ ತಿಳಿಯದು.

ಮುದುಕರು ಕಡಲು ನೋಡುವ ಸಂಗತಿ ನನಗೆ ಹೋದ ವರ್ಷ ತಿಳಿಯಿತು ಎಂದು ಮೇಲೆ ಬರೆದೆನಲ್ಲ, ಅದು ಹಾಗಲ್ಲ. ಪರೀಕ್ಷೆ ಮಾಡಿದ ಆ ದಿನ ಸಂಜೆಯೇ ಗಣಪಣ್ಣ ನನಗೆ ಹೇಳಿದ್ದ. “ಇವತ್ತಿನ ಮೀನು ಸರಸನದ್ದು ಮಾಸ್ಟ್ರೇ. ನೀವು ಕೂರಿಸಿದ್ರಲ್ಲ, ಕೂತಲ್ಲಿಂದ ಅವಳೇ ನೀರಿನ ಬಣ್ಣ ನೋಡಿ ನಂಗೆ ಕೈ ಮಾಡಿದ್ದು. ಅವಳು ಹೇಳದಿದ್ರೆ ನಾನು ಬಲೆ ಬಿಡ್ತಿರ್ಲಿಲ್ಲ.” ನಾನು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡೆ, ದಿನಾಂಕ ಹಾಕಿ ಬರೆದೆ. ನನ್ನ ಇಪ್ಪತ್ತಮೂರು ಸೊನ್ನೆಗಳು ಸೊನ್ನೆಗಳಲ್ಲ ಎಂದು ಅವತ್ತೇ ಗೊತ್ತಾಗಿತ್ತು. ರಾತ್ರಿ ಮ್ಯಾಕ್ಸಿಮ್‌ಗೆ ಫೋನ್ ಮಾಡಿ, ವರದಿ ಬದಲಾಗಬೇಕು, ಇನ್ನೊಂದು ತಿಂಗಳು ಬೇಕು ಎಂದೆ.

ಅವನು ಸಿಟ್ಟು ಮಾಡಲಿಲ್ಲ. “ಈಗ ತೊಡಕು ಮಾಡ್ಬೇಡ ವಿಲ್ಲೀ. ಶುಕ್ರವಾರ ನಿನ್ನ ವರದಿ ಬರ್ಲಿ. ಹಾಲೆಂಡಿಗೆ ಕ್ಯಾರೆನ್‌ನ ಶಿಫಾರಸು ಪತ್ರಕ್ಕೂ ಅವತ್ತೇ ಸಹಿ ಮಾಡ್ತೇನೆ, ಅಲ್ಲಿಯ ಸಮಿತಿಯಲ್ಲಿ ನನ್ನ ಪರಿಚಯದವರು ಉಂಟು. ಎರಡೂ ಒಟ್ಟಿಗೆ ಮುಗೀತದೆ” ಎಂದ. ಅಷ್ಟೇ. ಇದಕ್ಕೆ ಅದು ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಪುಟ ಬಿಟ್ಟು ಉಳಿದದ್ದನ್ನು ಶುಕ್ರವಾರ ಕಳಿಸಿದೆ. ಏಪ್ರಿಲಿನಲ್ಲಿ ನಿನಗೆ ಸೀಟು ಬಂತು.

ನಿನಗೆ ಅರ್ಹತೆ ಇತ್ತು ಬಾಯೆ. ಆ ಕಾಗದ ಇಲ್ಲದಿದ್ದರೂ ಸೀಟು ಬರುತ್ತಿತ್ತು ಎಂದು ಹನ್ನೆರಡು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಸೌಮ್ಯಶ್ರೀ ಹೇಳಿದ ಅಫಿಡವಿಟ್ ಅನ್ನು ಅಂಬಲಪಾಡಿಯ ನೋಟರಿಯ ಹತ್ತಿರ ಟೈಪು ಮಾಡಿಸಿದ್ದೆ. ಯಾಕೆ ಬಿಟ್ಟಿರಿ ಎಂದು ಕೇಳಿದರೆ ನಿನ್ನ ಹೆಸರು ಹೇಳಬೇಕು. ಹೊಸ ಅರ್ಥಶಾಸ್ತ್ರ ಬರೆಯುತ್ತಿರುವವಳ ಹೆಸರು. ಆ ಕಾಗದಕ್ಕೆ ನನ್ನ ಸಹಿಯೊಂದು ಬಾಕಿ ಇತ್ತು. ಹದಿನಾರು ಜನರಲ್ಲಿ ಡಿಸೆಂಬರಿನಲ್ಲಿ ಇಬ್ಬರು ತೀರಿಕೊಂಡರು. ಉಳಿದ ಹದಿನಾಲ್ಕು ಜನಕ್ಕೆ ಅದೊಂದೇ ದಾರಿಯಾಗಿತ್ತು.

ನಿನ್ನೆ ಸಂಜೆ ಐದೂವರೆಗೆ ತಕರಾರಿನ ಅವಧಿ ಮುಗಿಯಿತು. ನಾನು ಮನೆಯಲ್ಲೇ ಇದ್ದೆ.